ಬಿಟ್ಟುಹೋದ ಸಾಲು

ಪ್ರಿಯ ಅಲ್ಪವಿರಾಮದವರೇ,

ಸ್ವಸ್ಥಚಿತ್ತದಿಂದ, ಯಾರ ಬಲವಂತವೂ ಇಲ್ಲದೆ ಒಪ್ಪಿಕೊಳ್ಳುತ್ತೇನೆ: ಇಂದು ಮಧ್ಯಾಹ್ನ ನಮ್ಮ ಅಚ್ಚಿನಮನೆಯಿಂದ ಕರಡು ಹಾಳೆಯೊಂದನ್ನು ಕದ್ದೆ. ಇಂಗ್ಲಿಷ್ ನುಡಿಗಟ್ಟುಗಳ ಕೋಶದ ಎಂಬತ್ತೊಂದನೆಯ ಪುಟ. ಅದರ ಬೆನ್ನ ಮೇಲೆಯೇ ಈ ಕಾಗದ ಬರೆಯುತ್ತಿದ್ದೇನೆ.

ನಿಮ್ಮ ಕುರ್ಚಿ ಈಗಲೂ ನನ್ನೆದುರಿಗೇ ಇದೆ. ಹಳೆಯ ಕರಡುಗಳು ಅದರಲ್ಲಿ ಕಾಲು ಚಾಚಿ ಕೂತಿವೆ. ಒಂಬತ್ತು ವರ್ಷ ನೀವು ಮೂಲಪ್ರತಿಯನ್ನು ಚಿಹ್ನೆಗಳ ಸಮೇತ ಗಟ್ಟಿಯಾಗಿ ಓದಿದಿರಿ, ನಾನು ಕರಡು ತಿದ್ದಿದೆ. ನೀವು 'ಕಾಮಾ' ಎಂದಾಗೆಲ್ಲ ಬೈಂಡರ್ ಕೆಮ್ಮುತ್ತಿದ್ದ. "ಮೇಡಂ, ಸಾರ್ ಮುಂದೆ ಅದೊಂದನ್ನ ಮಾತ್ರ ಜೋರಾಗಿ ಹೇಳ್ಬೇಡಿ" ಎಂದ ಮೇಲೆ ನೀವು ಅಲ್ಪವಿರಾಮಕ್ಕೆ ಬಂದಿರಿ. ಈಗ ಓದುವವನೂ ನಾನೇ, ತಿದ್ದುವವನೂ ನಾನೇ. ಒಮ್ಮೊಮ್ಮೆ ಬೇಕೆಂದೇ 'ಕಾಮಾ' ಎಂದು ಕೂಗಿ ಕಾಯುತ್ತೇನೆ. ಬೈಂಡರ್ ಕೂಡ ಕೆಮ್ಮುವುದಿಲ್ಲ.

ಕೆಲಸ ಬಿಟ್ಟ ದಿನ ನೀವು ಕೊನೆಯ ಕರಡಿನ ಅಂಚಿನಲ್ಲಿ ಪೆನ್ಸಿಲಿನಿಂದ 'ಡ್ರಾಪ್ ಮಿ ಎ ಲೈನ್' ಎಂದು ಬರೆದು, ಕೆಳಗೆ ಇನ್ನೊಂದು ಸಾಲು ಗೀಚಿ ಹೋದಿರಿ. ನನಗೆ ಇಂಗ್ಲಿಷ್ ಕಲಿಸಲು ಬರಬೇಡಿ ಎಂದು ನಿಮ್ಮೆದುರು ಎಷ್ಟು ಸಲ ಜಂಬ ಕೊಚ್ಚಿಲ್ಲ! ನಮ್ಮ ಕಸುಬಿನಲ್ಲಿ ಡ್ರಾಪ್ ಎಂದರೆ ಕೈಬಿಡು, ಲೈನ್ ಎಂದರೆ ಸಾಲು. ರಬ್ಬರು ಎತ್ತಿಕೊಂಡು ಕೆಳಗಿನ ಸಾಲನ್ನು ಅಳಿಸಿದೆ. ಅಂಚಿನ ಬರಹ ಇಣುಕಿ ನೋಡಿದ ಬೈಂಡರ್, "ಏನ್ ಸಾರ್, ಕೊನೆಗೂ ಮೇಡಂಗೆ ಲೈನ್ ಹೊಡೆದ್ರಾ?" ಎಂದ. "ಹೊಡೆದೇ ಹಾಕ್ದೆ ಕಣಯ್ಯಾ, ಅವರೇ ಹೇಳಿದ್ರು" ಎಂದೆ. ಆಮೇಲೆ ನಾಲ್ಕು ವರ್ಷ ಮುಖ ಊದಿಸಿಕೊಂಡು ಕೂತೆ.

ಎಂಬತ್ತೊಂದನೆಯ ಪುಟ ಹೇಳುತ್ತದೆ: 'ಡ್ರಾಪ್ ಮಿ ಎ ಲೈನ್ – ನನಗೆ ಎರಡು ಸಾಲು ಕಾಗದ ಬರೆ. ಬಳಕೆ: ಆಪ್ತರನ್ನು ಅಗಲುವಾಗ.' 'ಆಪ್ತ' ಎಂಬುದು ಅಚ್ಚಿನ ತಪ್ಪೇ ಎಂದು ಮೂರು ಸಲ ನೋಡಿದೆ. ಅಲ್ಲ. ಹಾಗಾದರೆ ನಾಲ್ಕು ವರ್ಷವೂ ಬರೆಯುವ ಸರದಿ ನನ್ನದಾಗಿತ್ತು, ಕಾದವರು ನೀವು.

ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಕೈಯಿಂದ ಒಂದು ಸಾಲೂ ತಪ್ಪಿಹೋಗಿಲ್ಲವೆಂದು ಊರಿಗೆಲ್ಲ ಹೇಳಿಕೊಂಡು ತಿರುಗುವವನು ನಾನು. ಎರಡು ಸಾಲು ಕೇಳಿದಿರಿ, ಹಾಳೆ ತುಂಬ ಬರೆದಾಯಿತು. ಲಕೋಟೆ ಸಿದ್ಧವಿದೆ, ಅಂಚೆಚೀಟಿಯನ್ನೂ ಅಂಟಿಸಿದ್ದೇನೆ. ಆದರೆ ಅಂದು ಗುರುತೂ ಉಳಿಯದಂತೆ ನಾನು ಅಳಿಸಿದ ಆ ಇನ್ನೊಂದು ಸಾಲು ನಿಮ್ಮ ಹೊಸ ವಿಳಾಸ. ಬರೆದುಕೊಟ್ಟ ಮೇಲೆ ನಿಮಗೇ ಬೇಡವೆನಿಸಿರಬೇಕು ಎಂದು ಆಗ ಅಂದುಕೊಂಡಿದ್ದೆ.

ಎಲ್ಲೇ ಇರಿ, ನೀವು ಓದುವುದನ್ನು ಕೇಳಿಸಿಕೊಳ್ಳಲು ಎದುರಿನ ಕುರ್ಚಿಯಲ್ಲಿ ಒಬ್ಬರಿರಲಿ.

ಇಂತಿ,
ನಿಮ್ಮ ಸಾಲು ಬಿಟ್ಟವನು