ಮುಳುಗಿದ ಹಡಗಿನ ಉಕ್ಕು

ಚಿಕ್ಕವನಿಗೆ ಅಮ್ಮನ ಆಶೀರ್ವಾದ.

ನಮ್ಮ ಗುಜರಿಯಲ್ಲಿರುವ ಆ ಮುಳುಗಿದ ಹಡಗಿನ ಉಕ್ಕನ್ನು ಕುಲುಮೆಗೆ ಕಳಿಸಬೇಡ. ಲಾರಿಗೆ ಏರಿಸಿದ್ದರೆ ಈ ಪತ್ರ ತಂದವನ ಎದುರಿಗೇ ಇಳಿಸು!

ಇವತ್ತು ದೊಡ್ಡಾಸ್ಪತ್ರೆಯ ಡಾಕ್ಟರು ಮನೆಗೇ ಬಂದಿದ್ದರು. ಅಣುಬಾಂಬು ಸಿಡಿಸತೊಡಗಿದ ಮೇಲೆ ಅದರ ವಿಷದ ಧೂಳು ಲೋಕದ ಗಾಳಿಗೆಲ್ಲ ಬೆರೆತಿದೆಯಂತೆ. ಆ ಗಾಳಿ ಊದಿ ಮಾಡಿದ ಹೊಸ ಉಕ್ಕಿನಲ್ಲೂ ಅದರ ಸೋಂಕು ಇದೆಯಂತೆ. ಮನುಷ್ಯನ ಮೈಯೊಳಗೆ ಸೇರಿದ ವಿಕಿರಣವನ್ನು ಅಳೆಯುವ ಕೋಣೆ ಕಟ್ಟಲು ಬಾಂಬಿಗಿಂತ ಮೊದಲಿನ ಉಕ್ಕೇ ಆಗಬೇಕಂತೆ. ನಮ್ಮ ಹಡಗು ಮುಳುಗಿದ್ದು ಅದಕ್ಕೂ ಮೊದಲೇ ಅಲ್ಲವೇ! "ನಿಮ್ಮ ಹತ್ರ ಇರೋದು ಅಪರಂಜಿ, ಅಮ್ಮಾ!" ಎಂದರು. "ಈ ತುಕ್ಕನ್ನ ಇನ್ನೂ ಎಷ್ಟು ವರ್ಷ ಕಾಯ್ತೀಯಮ್ಮ?" ಎಂದು ನೀನು ನಕ್ಕಿದ್ದು ನನಗೆ ಮರೆತಿಲ್ಲ.

ಬೆಲೆ ಕೇಳಿದರು, ಹೇಳಿದೆ. ಬಾಂಬಿನ ಪರೀಕ್ಷೆಗೆ ಕಾವಲು ನಿಂತು ಬಂದ ನಿನ್ನ ಅಣ್ಣ "ನಂಗೇನಾಗಿದೆ, ಕಲ್ಲುಗುಂಡಿನ ಹಾಗಿದ್ದೀನಿ" ಎನ್ನುತ್ತಲೇ ಸೊರಗುತ್ತಿದ್ದಾನೆ. ಆ ಕೋಣೆಯಲ್ಲಿ ಮೊದಲು ಅವನನ್ನೇ ಮಲಗಿಸಿ ನೋಡಬೇಕು ಎಂದೆ. ಒಪ್ಪಿದರು!

ಅವನಿಗೆ ನಾನೇ ಹೇಳುತ್ತೇನೆ, ನೀನು ಬಾಯಿ ಬಿಡಬೇಡ. ಉಕ್ಕಿನ ಹಲಗೆಗಳನ್ನು ನೀನೇ ಕೈಯಾರೆ ಉಜ್ಜಿ ತೊಳೆ, ಆಳುಗಳಿಗೆ ಬಿಡಬೇಡ. ಅದು ನಿನ್ನ ಅಣ್ಣ ಮಲಗುವ ಕೋಣೆ.

ಗುಜರಿಗೆ ಇನ್ನೂ ಯಜಮಾನಿಯಾಗಿರುವ
ನಿನ್ನ ಅಮ್ಮ