ಶಾಂತಿಪ್ರಸಾದರ ಉತ್ತರ

ತೋಡಾರು, ಮೂಡುಬಿದಿರೆ
೯ ಸೆಪ್ಟೆಂಬರ್ ೨೦೨೫

ಪ್ರೀತಿಯ ಹಫ್ಸಾ,

ಕ್ಷೇಮವೇ? ಮಕ್ಕಳು, ನಿನ್ನ ಯಜಮಾನರು ಎಲ್ಲರೂ ಚೆನ್ನಾಗಿದ್ದಾರೆ ಅಂದುಕೊಂಡಿದ್ದೇನೆ. ನಿನಗೆ ನನ್ನ ಮೇಲೆ ಕೋಪ ಇದ್ದೇ ಇರುತ್ತದೆ. ಇರಲಿ, ಆದರೆ ಪತ್ರ ಓದಿ ಮುಗಿಯುವ ತನಕ ಅದನ್ನು ಸ್ವಲ್ಪ ಬದಿಗಿಡು. ನಿನ್ನ ಫೋನು ಬಂದಾಗಲೆಲ್ಲ ಎತ್ತದೆ ಕೂತದ್ದು ನಿಜ. ನಿನ್ನ ದನಿ ಕೇಳಿದರೆ ಅಳು ಬರುತ್ತದೆ, ಅಳಲು ಕೂತರೆ ಆ ದಿನವಿಡೀ ನಾನು ಯಾವ ಕೆಲಸಕ್ಕೂ ಆಗುವುದಿಲ್ಲ. ವಾಟ್ಸಾಪಿನಲ್ಲಿ ಎರಡು ಸಾಲು ಹಾಕಿದರೆ ನೀನು ಸುಮ್ಮನಿರುವವಳೂ ಅಲ್ಲ. ನಿನ್ನ ತಮ್ಮ ಯಾಕೂಬ್ ನಾಡಿದ್ದು ಮಸ್ಕತ್ತಿಗೆ ಹೊರಡುತ್ತಾನಂತೆ. ಹಾಸ್ಟೆಲಿನ ರಜೆಯಲ್ಲಿ ಬರೆಯುತ್ತಿದ್ದ ಹಾಗೆ ಉದ್ದಕ್ಕೆ ಒಂದು ಪತ್ರ ಬರೆದು ಅವನ ಕೈಯಲ್ಲೇ ಕೊಟ್ಟುಬಿಡುವ ಅಂತ ಕೂತಿದ್ದೇನೆ.

ಹಫ್ಸಾ, ಇವರು ಉತ್ತರ ಕೊಟ್ಟರು! ನಿನ್ನೆ, ನಮ್ಮೆಲ್ಲರ ಎದುರಿಗೆ! ಎಲ್ಲಿಂದ ಶುರು ಮಾಡಲಿ ಅಂತಲೇ ತಿಳಿಯುತ್ತಿಲ್ಲ. ಮಾಣಿಯ ಹತ್ತಿರ ನಮ್ಮ ಕಾರಿಗೆ ಲಾರಿ ಬಡಿದದ್ದು ನಿನಗೆ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದ ಮೇಲಿನ ಕಥೆ ಹೇಳುತ್ತೇನೆ.

ಅಂಗಡಿಗೆ ಹೋಗುವಾಗ ಇವರು ಹೊರಟು ನಿಲ್ಲುತ್ತಿದ್ದ ಚಾವಡಿಯನ್ನೇ ಈಗ ಆಸ್ಪತ್ರೆ ಮಾಡಿದ್ದೇವೆ. ಎತ್ತಿಳಿಸುವ ಮಂಚ, ಗಾಳಿ ತುಂಬುವ ಹಾಸಿಗೆ, ಕಫ ಎಳೆಯುವ ಮೆಷಿನು. ಹೊಟ್ಟೆಗೆ ನೇರವಾಗಿ ಒಂದು ಟ್ಯೂಬು ಹಾಕಿದ್ದಾರೆ, ಗಂಜಿ, ಹಾಲು, ಹಣ್ಣಿನ ರಸ ಎಲ್ಲ ಅದರಲ್ಲೇ. ಬೆನ್ನಿನಲ್ಲಿ ಹುಣ್ಣಾಗದಂತೆ ನಾನೂ ಮಗ ಜಯೇಶನೂ ಆಗಾಗ ಮಗ್ಗುಲು ತಿರುಗಿಸುತ್ತೇವೆ. ಇದೆಲ್ಲ ನನಗೆ ಕಷ್ಟವಾಗಲಿಲ್ಲ, ಕಲಿತೆ. ಕಷ್ಟವಾದದ್ದು ಸಹಿ.

ಪಂಪ್‌ಸೆಟ್ ಅಂಗಡಿ ಇವರ ಹೆಸರಲ್ಲಿ, ಬ್ಯಾಂಕು ಇವರ ಹೆಸರಲ್ಲಿ, ಅಪಘಾತದ ಕೇಸು ಇವರ ಹೆಸರಲ್ಲಿ. ಎಲ್ಲಿ ಹೋದರೂ "ಅವರ ಸಹಿ ತನ್ನಿ" ಅನ್ನುತ್ತಾರೆ. ಕಣ್ಣು ಬಿಡದ ಮನುಷ್ಯನ ಸಹಿ ಎಲ್ಲಿಂದ ತರಲಿ? ಬಂಟ್ವಾಳದ ಚಿದಾನಂದ ವಕೀಲರ ಹತ್ತಿರ ಹೋಗಿ ಕೂತೆ. ಅವರು ಸಮಾಧಾನದ ಮನುಷ್ಯ, ಎಲ್ಲವನ್ನೂ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳುತ್ತಾರೆ. "ವಿಮಲಕ್ಕಾ, ಕೋಮಾದಲ್ಲಿ ಇರುವವರಿಗೆ ಹೆಂಡತಿಯಾದರೂ ತನ್ನಷ್ಟಕ್ಕೆ ಗಾರ್ಡಿಯನ್ ಆಗುದಿಲ್ಲ. ಹೈಕೋರ್ಟು ನೇಮಿಸಬೇಕು. ಡಾಕ್ಟ್ರು ಬಂದು ನೋಡಿ ವರದಿ ಕೊಡಬೇಕು, ಮತ್ತೆ ಹತ್ತಿರದ ಸಂಬಂಧದವರ ಒಪ್ಪಿಗೆ ಉಂಟು ಅಂತ ತೋರಿಸಿದರೆ ಒಳ್ಳೇದು" ಅಂದರು. ಅಂದರೆ ನಾನು ವಿಧವೆಯಾಗಿದ್ದರೆ ಕೆಲಸ ಇದಕ್ಕಿಂತ ಸುಲಭವಿತ್ತು! ನನಗೆ ಸಿಟ್ಟು ನೆತ್ತಿಗೇರಿತು. ಪಾಪ, ಅವರ ಮೇಲೆ ಕೂಗಾಡಿದೆ. ಅವರು ಚಹಾ ತರಿಸಿದರು.

ಹತ್ತಿರದ ಸಂಬಂಧ ಅಂದರೆ ಪ್ರಭಾ ಅತ್ತಿಗೆ. ಬೆಳ್ತಂಗಡಿಯಲ್ಲಿದ್ದಾರಲ್ಲ, ಇವರ ಅಕ್ಕ, ಇವರನ್ನು ಎತ್ತಿ ಆಡಿಸಿದವರು. ನಮ್ಮ ಮದುವೆಯಲ್ಲಿ ನಿನಗೆ ಎರಡನೇ ಸಲ ಹೋಳಿಗೆ ಬಡಿಸುವಾಗ ಬೈದವರು ಅವರೇ. ಅತ್ತಿಗೆ ಬಂದು ತಮ್ಮನನ್ನು ನೋಡಿದರು, ಟ್ಯೂಬು ನೋಡಿದರು, ಹೊರಗೆ ಹೋಗಿ ಜಗಲಿಯಲ್ಲಿ ಕೂತುಬಿಟ್ಟರು. ಆಮೇಲೆ ಹೇಳಿದರು: "ವಿಮಲಾ, ಇದು ಬದುಕಾ? ನಮ್ಮ ಕುಟುಂಬದಲ್ಲಿ ಅಜ್ಜಿ ಸಲ್ಲೇಖನ ತಗೊಂಡು ಶಾಂತವಾಗಿ ಹೋದವರು. ಶಾಂತುವಿಗೂ ಆ ದಾರಿ ಮಾಡಿಕೊಡು. ಆ ಟ್ಯೂಬು ತೆಗೆಸು. ನೀನು ಹ್ಞೂಂ ಅಂದರೆ ನಾನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕ್ತೇನೆ."

ನಿನಗೆ ನಮ್ಮ ಈ ವ್ರತ ಗೊತ್ತು. ಆಯುಷ್ಯ ಮುಗಿಯಿತು ಅಂತ ತಿಳಿದವರು ಆಹಾರವನ್ನು ಸ್ವಲ್ಪಸ್ವಲ್ಪವೇ ಬಿಟ್ಟು, ಎಲ್ಲರಲ್ಲೂ ಕ್ಷಮೆ ಕೇಳಿ ಹೊರಡುವುದು. ಅತ್ತಿಗೆಗೆ ಆಸ್ತಿಯ ಆಸೆ ಒಂದಿಷ್ಟೂ ಇಲ್ಲ, ಅದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ತಮ್ಮ ಹಾಗೆ ಮಲಗಿದ್ದನ್ನು ನೋಡಲು ಅವರಿಗೆ ಆಗುತ್ತಿರಲಿಲ್ಲ, ಅಷ್ಟೇ. ಆದರೆ ನನಗೆ ಮೈಯೆಲ್ಲ ಉರಿಯಿತು. ಬಂಟ್ವಾಳಕ್ಕೆ ಹೋದರೆ ಹೊತ್ತು ಮುಳುಗಿದ ಮೇಲೂ ನಿಯಮ ಮುರಿದು ನನಗೆ ತಿಳಿಯದ ಹಾಗೆ ಗೋಳಿಬಜೆ ತಿಂದು ಬರುತ್ತಿದ್ದ ಮನುಷ್ಯ ಇವರು. ಇವರಿಗೆ ಉಪವಾಸವಾ? ಇವರನ್ನು ಕೇಳದೆಯಾ?

ಚಿದಾನಂದ ವಕೀಲರು ಅತ್ತಿಗೆಗೂ ಬಿಡಿಸಿ ಹೇಳಿದರು. "ಅಮ್ಮಾ, ವ್ರತದ ವಿಷಯ ಬೇರೆ, ಕಾನೂನಿನ ವಿಷಯ ಬೇರೆ. ಟ್ಯೂಬು ನಿಲ್ಲಿಸುದಾದರೆ ಒಂದಲ್ಲ ಎರಡು ಡಾಕ್ಟರ ಮಂಡಳಿ ನೋಡಿ ಒಪ್ಪಬೇಕು, ಮನೆಯವರೂ ಒಪ್ಪಬೇಕು." ಅತ್ತಿಗೆ ಕಾನೂನಿಗೆ ಬಗ್ಗುವವರೇ? ಬಸದಿಯಲ್ಲಿ ಪೂಜೆ ಮಾಡುವ ಇಂದ್ರರನ್ನು ಕೇಳಿದರು. ಅವರೂ ಒಪ್ಪಲಿಲ್ಲ. "ಎಚ್ಚರ ಇದ್ದವರು ತಾವೇ ಮನಸಾರೆ ತಗೊಳ್ಳುವ ವ್ರತ ಅದು. ಒಬ್ಬರ ಬದಲಿಗೆ ಇನ್ನೊಬ್ಬರು ತಗೊಳ್ಳಲಿಕ್ಕೆ ಇಲ್ಲ" ಅಂದರಂತೆ. ಅತ್ತಿಗೆ ಏನು ಹೇಳಬೇಕು? "ಹಾಗಾದರೆ ನಾನು ಅವನನ್ನೇ ಕೇಳ್ತೇನೆ!"

ಕೋಮಾದಲ್ಲಿ ಮಲಗಿದವರನ್ನು ಕೇಳುವುದಂತೆ. ನಾನೂ ಜಯೇಶನೂ ಮುಖ ಮುಖ ನೋಡಿಕೊಂಡೆವು.

ನಿನ್ನೆ ನಮ್ಮ ದಶಲಕ್ಷಣ ಪರ್ವ ಮುಗಿದು ಎಲ್ಲರೂ ಎಲ್ಲರಲ್ಲೂ ಕ್ಷಮೆ ಕೇಳುವ ದಿನ. ಅದೇ ದಿನ ಕೋರ್ಟಿನ ವರದಿಗಾಗಿ ಡಾಕ್ಟ್ರೂ ಬಂದರು. ಡಾಕ್ಟರ್ ರಿಫಾ ಅಂತ, ನಿಮ್ಮ ಬಂಟ್ವಾಳದ ಕಡೆಯವರೇ, ಇವರನ್ನು ಮೊದಲ ಸಲ ನೋಡುತ್ತಿದ್ದದ್ದು. ಸಣ್ಣ ಪ್ರಾಯ, ನೋಡಿದರೆ ಕಾಲೇಜಿಗೆ ಹೋಗುವ ಹುಡುಗಿ ಅನ್ನಬೇಕು. ಕಣ್ಣಿಗೆ ಲೈಟು ಬಿಟ್ಟು ನೋಡಿದರು, ಉಗುರು ಒತ್ತಿ ನೋಡಿದರು, ಕಿವಿಯ ಹತ್ತಿರ ಬಾಗಿ "ಕೈ ಎತ್ತಿ, ನಾಲಿಗೆ ತೋರಿಸಿ" ಅಂದರು. ಏನೂ ಇಲ್ಲ. "ನೀವು ಕರೆಯಿರಿ ಅಮ್ಮ" ಅಂತ ನನಗೆ ಹೇಳಿದರು. ನಾನು ಎದ್ದು ನಿಂತು, ಶಾಲೆಯ ಭಾಷಣ ಸ್ಪರ್ಧೆಯವಳ ಹಾಗೆ, "ರೀ, ದಯವಿಟ್ಟು ನಿಮ್ಮ ಬಲಗೈಯನ್ನು ಎತ್ತಿರಿ" ಅಂದೆ. ನಗಬೇಡ! ಜಯೇಶನೂ ಹಾಗೆಯೇ, "ಅಪ್ಪಾ, ನಿಮಗೆ ಕೇಳಿಸುತ್ತಿದೆಯೇ?" ಅಂತ. ಡಾಕ್ಟ್ರು ಬರೆಯಲು ಶುರು ಮಾಡಿದರು. ಆ ವರದಿ ಹೋದರೆ ಅತ್ತಿಗೆಯ ಮಾತಿಗೆ ಇನ್ನೂ ಬಲ ಬರುತ್ತದಲ್ಲ.

ಅಷ್ಟರಲ್ಲಿ ಬೆಳ್ತಂಗಡಿಯಿಂದ ಅತ್ತಿಗೆ ಬಂದರು. ಡಾಕ್ಟ್ರು ಇದ್ದಾರೆ, ವಕೀಲರಿಗೆ ವರದಿ ಹೋಗಲಿಕ್ಕೆ ಉಂಟು, ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸೀದಾ ಮಂಚದ ಪಕ್ಕಕ್ಕೆ ಹೋಗಿ ಕೂತು, ಸೆರಗಿನಲ್ಲಿ ತಮ್ಮನ ಮುಖ ಒರೆಸಿ, ತುಳುವಿನಲ್ಲಿ ಶುರು ಮಾಡಿದರು. "ಶಾಂತು, ಯಾನ್ ಪ್ರಭಕ್ಕೆ. ಕೇಣುಂಡಾ?" ನಾನು ಪ್ರಭಕ್ಕ, ಕೇಳುತ್ತದಾ ಅಂತ. ಸಣ್ಣವನಿದ್ದಾಗ ಹೊಡೆದದ್ದಕ್ಕೆ, ಬೈದದ್ದಕ್ಕೆ, ಎಲ್ಲದಕ್ಕೂ ಕ್ಷಮೆ ಕೇಳಿದರು. ನನಗೂ ಸಿಟ್ಟೆಲ್ಲ ಇಳಿದುಹೋಯಿತು ಅನ್ನು. ಕೊನೆಗೆ ತಮ್ಮನ ಕೈ ಹಿಡಿದುಕೊಂಡು ಕೇಳಿದರು: "ನಿಕ್ಕ್ ನನ ಒಣಸ್ ಬೊಡ್ಚಾ, ಶಾಂತು?" ನಿನಗೆ ಇನ್ನು ಊಟ ಬೇಡವಾ ಅಂತ.

ಹಫ್ಸಾ, ಇವರು ಅಕ್ಕನ ಕೈಯಿಂದ ಕೈ ಬಿಡಿಸಿಕೊಂಡರು! ನಿಧಾನಕ್ಕೆ, ಹೊದಿಕೆಯ ಮೇಲೆ ಎಳೆದುಕೊಂಡು ಹೋದ ಹಾಗೆ ಆ ಕೈ ಹೊಟ್ಟೆಯ ಹತ್ತಿರ ಬಂತು. ಬಂದು ಆ ಟ್ಯೂಬನ್ನು ಹಿಡಿದುಕೊಂಡಿತು. ಅತ್ತಿಗೆ ಬಿಡಿಸಲು ನೋಡಿದರೆ ಬಿಡುವುದಿಲ್ಲ! ಹಾಲಿನ ಬಾಟಲಿ ಕಿತ್ತುಕೊಳ್ಳಲು ಹೋದರೆ ಮಗು ಹಿಡಿದುಕೊಳ್ಳುತ್ತದಲ್ಲ, ಹಾಗೆ.

ಮೊದಲು ಕಿರುಚಿದ್ದು ನಾನಲ್ಲ, ಅತ್ತಿಗೆ. "ಆಯಗ್ ಬೋಡುಗೆ! ಒಣಸ್ ಬೋಡುಗೆ!" ಅವನಿಗೆ ಬೇಕಂತೆ, ಊಟ ಬೇಕಂತೆ ಅಂತ ಜಗಲಿಗೆ ಓಡಿ ಬೀದಿಗೆ ಕೇಳುವ ಹಾಗೆ ಕೂಗಿದರು. ವ್ರತ ಕೊಡಿಸಲು ಬಂದವರು! ಜಯೇಶ ಅಳುತ್ತಾ ನಗುತ್ತಿದ್ದ, ನಾನು ಡಾಕ್ಟ್ರ ಭುಜವನ್ನೇ ಹಿಡಿದು ಅಲುಗಾಡಿಸುತ್ತಿದ್ದೆ.

ಡಾಕ್ಟ್ರು ಮಾತ್ರ ತಟಸ್ಥ. "ಒಂದು ನಿಮಿಷ. ಕೆಲವೊಮ್ಮೆ ಕೈ ಸುಮ್ಮನೆ ಆಡುದೂ ಉಂಟು. ನೀವು ಮನೆಯಲ್ಲಿ ಇವರ ಹತ್ರ ಯಾವ ಭಾಷೆ ಮಾತಾಡುದು?"

"ತುಳು," ಅಂದೆ.

"ಮತ್ತೆ ಇಷ್ಟು ಹೊತ್ತು ಯಾಕೆ ಕನ್ನಡ?"

"ಡಾಕ್ಟ್ರು ನೀವು ಇದ್ದೀರಲ್ಲ ಅಂತ..."

ಅವರು ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. ನಿಜ ಹಫ್ಸಾ, ಆಸ್ಪತ್ರೆಯಲ್ಲಿ "ಇವರ ಹತ್ತಿರ ಮಾತಾಡ್ತಾ ಇರಿ" ಅಂತ ಅಂದಿನಿಂದ ಹೇಳುತ್ತಲೇ ಬಂದಿದ್ದರು. ನಾವೂ ಮಾತಾಡಿದ್ದೇ ಮಾತಾಡಿದ್ದು. ಆದರೆ ಬಿಳಿ ಕೋಟು ಕಂಡ ಕೂಡಲೇ ನಮ್ಮ ಬಾಯಲ್ಲಿ ಬರುವುದು ಪಾಠಪುಸ್ತಕದ ಕನ್ನಡ, ಮನೆಗೆ ಬಂದ ಮೇಲೂ ಆ ಮಂಚದ ಹತ್ತಿರ ಅದೇ ಅಭ್ಯಾಸವಾಗಿ ಹೋಗಿತ್ತು. ಪಾಪ, ಇವರಿಗೆ ನಾವೆಲ್ಲ ಯಾರೋ ಆಫೀಸಿನವರು ಅನ್ನಿಸಿರಬೇಕು.

ಆಮೇಲೆ ಡಾಕ್ಟ್ರು ಹೇಳಿಕೊಟ್ಟ ಹಾಗೆ ನಾನು ತುಳುವಿನಲ್ಲಿ ಕೇಳುತ್ತಾ ಹೋದೆ. ಹೌದಾದರೆ ನನ್ನ ಕೈಯನ್ನು ಒಮ್ಮೆ ಒತ್ತಬೇಕು, ಅಲ್ಲವಾದರೆ ಸುಮ್ಮನಿರಬೇಕು. ನಿಮ್ಮ ಹೆಸರು ಶಾಂತಿಪ್ರಸಾದವಾ? ಒತ್ತಿದರು. ನಿಮ್ಮ ಅಂಗಡಿಯಲ್ಲಿ ಬಟ್ಟೆ ಮಾರುವುದಾ? ಸುಮ್ಮನಿದ್ದರು. ಪಂಪು ಮಾರುವುದಾ? ಎಷ್ಟು ಜೋರಾಗಿ ಒತ್ತಿದರು ಗೊತ್ತಾ! ನಡುನಡುವೆ ಉತ್ತರ ಬರಲು ತಡವಾಗುತ್ತಿತ್ತು. "ಇದು ಕೋಮಾ ಅಲ್ಲ. ಎಚ್ಚರ ಉಂಟು, ಬಂದು ಹೋಗಿ ಮಾಡ್ತದೆ. ಇನ್ನೂ ಎಷ್ಟು ಬರ್ತದೆ ಅಂತ ಹೇಳಲಿಕ್ಕೆ ಆಗುದಿಲ್ಲ, ತುಂಬಾ ಆಸೆ ಕಟ್ಟಬೇಡಿ" ಅಂದರು ಡಾಕ್ಟ್ರು. ಆಸೆ ಕಟ್ಟಬೇಡಿ ಅಂತ ಹೇಳಲು ಅವರಿಗೇನು! ಅಷ್ಟರಲ್ಲಾಗಲೇ ಅತ್ತಿಗೆ ಅಡುಗೆಮನೆಯಲ್ಲಿ ರಾಗಿ ಅರೆಯಲು ಕೂತಾಗಿತ್ತು, ಆ ಡಬ್ಬಿಯ ಪುಡಿ ಹಾಲಿನಲ್ಲಿ ಸತ್ವ ಇಲ್ಲವಂತೆ.

ಚಿದಾನಂದ ವಕೀಲರಿಗೆ ಫೋನು ಮಾಡಿದೆ. ಅವರೂ ಮೊದಲ ಸಲ ದನಿ ಏರಿಸಿದರು. "ಒಳ್ಳೆ ಸುದ್ದಿ ಹೇಳಿದಿರಿ! ಅರ್ಜಿಯನ್ನು ಬದಲಿಸುವ. ಈಗ ಅವರ ಮನಸ್ಸು ಏನು ಅಂತ ಕೂಡ ಕೋರ್ಟು ನೋಡ್ತದೆ. ಗಾರ್ಡಿಯನ್ ಸಹಿ ಹಾಕಲಿಕ್ಕೆ ಬೇಕು, ಆದರೆ ಅವರನ್ನು ಕೇಳದೆ ಅವರ ಊಟ ನಿಲ್ಲಿಸುವ ಪ್ರಶ್ನೆಯೇ ಇಲ್ಲ." ಅತ್ತಿಗೆ ಫೋನು ಕಿತ್ತುಕೊಂಡು, "ವಕೀಲರೇ, ಒಪ್ಪಿಗೆ ಪತ್ರ ಇವತ್ತೇ ಕಳಿಸಿ, ಸಹಿ ಹಾಕ್ತೇನೆ. ವಿಮಲಾ ಅಲ್ಲದೆ ಮತ್ಯಾರು ಗಾರ್ಡಿಯನ್?" ಅಂದರು. ನಿನ್ನೆ ಬೆಳಿಗ್ಗೆ ತನಕ ಅವರೇನು ಹೇಳುತ್ತಿದ್ದರು ಅಂತ ನೆನಪಿಸುವ ಮನಸ್ಸೇನೋ ಆಯಿತು. ಇವತ್ತು ಜಯೇಶ ಬಂಟ್ವಾಳಕ್ಕೆ ಹೋಗಿ ಪತ್ರ ತಂದ, ಸಹಿಯೂ ಆಯಿತು.

ಈಗ ಮನೆಯಲ್ಲಿ ಹಬ್ಬವೇ. ಕಂಡವರೆಲ್ಲ ಬಂದು ತುಳುವಿನಲ್ಲಿ ಮಾತಾಡಿಸಿ ಹೋಗುತ್ತಿದ್ದಾರೆ. ಇವರಿಗೆ ಸುಸ್ತಾಗುತ್ತದೆ ಅಂತ ಬಾಗಿಲಲ್ಲಿ ಅತ್ತಿಗೆಯ ಕಾವಲು. ನಿನ್ನೆಯಿಂದ ನಾನು ಹಾರಾಡುತ್ತಿದ್ದೇನೆ ಹಫ್ಸಾ, ಈ ವಯಸ್ಸಿನಲ್ಲಿ. ನಿನ್ನ ದುವಾ ಕೇಳಿತು ಅನ್ನು. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮಕ್ಕಳು ಸುಖವಾಗಿರಲಿ, ರಸ್ತೆಯಲ್ಲಿ ಜಾಗ್ರತೆಯಾಗಿರಲಿ, ನಿನ್ನ ಕಣ್ಣೆದುರೇ ಬೆಳೆದು ದೊಡ್ಡವರಾಗಲಿ.

ಇತಿ ನಿನ್ನ,
ವಿಮಲಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಕೊನೆಗೆ ಡಾಕ್ಟ್ರು, "ಎಷ್ಟು ಮಕ್ಕಳು ಅಂತ ಕೇಳಿ, ಅಷ್ಟು ಸಲ ಒತ್ತಲಿ" ಅಂದರು. ಬೇಡ ಅನ್ನಬೇಕಿತ್ತು, ಕೇಳಿದೆ. ಇವರು ಒಮ್ಮೆ ಒತ್ತಿದರು. ಸ್ವಲ್ಪ ನಿಂತು ಇನ್ನೊಮ್ಮೆ ಒತ್ತಿದರು. ಆ ಕಾರಿನಲ್ಲಿ ಇವರ ಪಕ್ಕ ಕೂತಿದ್ದ ನಮ್ಮ ಅನಿಷಾಳನ್ನು ನಾವು ಚಿತೆಗಿಟ್ಟು ಬರುವಾಗ ಇವರು ಐಸಿಯುವಿನಲ್ಲಿದ್ದರಲ್ಲ ಹಫ್ಸಾ, ಇವರಿಗೆ ಇನ್ನೂ ಗೊತ್ತಿಲ್ಲ. ಡಾಕ್ಟ್ರು ಮನೆಯಲ್ಲಿ ನೋಡಿದ್ದು ಜಯೇಶ ಒಬ್ಬನನ್ನೇ. "ಒಬ್ಬನೇ ಮಗ ಅಲ್ವಾ? ಪರವಾಗಿಲ್ಲ, ಇವರಿಗೆ ಸುಸ್ತಾಗಿದೆ" ಅಂತ ಆ ಉತ್ತರಕ್ಕೆ ತಪ್ಪು ಹಾಕಿದರು. ಅತ್ತಿಗೆ ಹೊರಗೆ ನಡೆದರು. ನಾನು ತಿದ್ದಲಿಲ್ಲ. ನಾಳೆಯೋ ನಾಡಿದ್ದೋ ಇವರು ಬಾಯಿ ಬಿಟ್ಟು ಅವಳೆಲ್ಲಿ ಅಂತ ಕೇಳುತ್ತಾರೆ. ಅದನ್ನು ಒಬ್ಬಳೇ ಹೇಳಲು ನನ್ನಿಂದ ಆಗುವುದಿಲ್ಲ. ನೀನು ಬರುವುದಾದರೆ ಈಗ ಬಾ.