ಎ.ಸಿ. ಆರಿಸಿದ ಮೇಲೆ ಕೇಳಿಸಿದ್ದು

ವಾಹನ ಪರೀಕ್ಷಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಎಲೆಕ್ಟ್ರಿಕ್ ಕಾರು ನಿಶ್ಶಬ್ದವಾದದ್ದು, ಒಮ್ಮೆ ಚಾರ್ಜ್ ಮಾಡಿದರೆ ಇನ್ನೂರ ಹತ್ತು ಕಿಲೋಮೀಟರ್ ಓಡುತ್ತದೆ ಎಂದು ತಾವು ಮೊಹರು ಒತ್ತಿ ಪ್ರಮಾಣಪತ್ರ ಕೊಟ್ಟಿದ್ದೀರಿ. ಎರಡೂ ನಿಜವೇ, ಎ.ಸಿ. ಹಾಕದಿದ್ದರೆ. ತಮ್ಮ ಪರೀಕ್ಷಾ ಸಿಬ್ಬಂದಿಗೆ ಬೆವರು ಬರುವುದಿಲ್ಲವೇ?

ನಾನು ಬಾಡಿಗೆ ಕಾರು ಓಡಿಸುವವನು. ಹಿಂದಿನ ಕಾರಿನಲ್ಲಿ ಎಂಜಿನ್ನಿನ ಸದ್ದೊಳಗೆ ಎ.ಸಿ.ಯ ಸದ್ದು ಮುಚ್ಚಿಹೋಗುತ್ತಿತ್ತು. ಈ ಕಾರಿನಲ್ಲಿ ಎಂಜಿನ್ನೇ ಇಲ್ಲದ್ದರಿಂದ ಎ.ಸಿ. ಮನೆಯ ಯಜಮಾನನಂತೆ ಒಂದೇ ಸಮನೆ ಗೊಣಗುತ್ತದೆ. ಕಳೆದ ಮಂಗಳವಾರ ನನ್ನ ಸೋದರಮಾವನಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಇತ್ತು. ಅವನು, "ಅಕ್ಕಂದಿರಿಬ್ಬರೂ ಒಟ್ಟಿಗೆ ಬಂದ್ರೆ ಮಾತ್ರ ಆಪರೇಷನ್ ಕಾಗದಕ್ಕೆ ಸಹಿ ಹಾಕ್ತೀನಿ" ಎಂದು ಪಟ್ಟು ಹಿಡಿದು ಕೂತಿದ್ದ. ಆ ಅಕ್ಕಂದಿರು ಎಂದರೆ ನನ್ನ ಅಮ್ಮ ಮತ್ತು ದೊಡ್ಡಮ್ಮ. ಒಂದು ಹೊಲಿಗೆ ಯಂತ್ರದ ವಿಷಯಕ್ಕೆ ಆರು ವರ್ಷದಿಂದ ಮಾತು ಬಿಟ್ಟವರು. ಆಸ್ಪತ್ರೆ ನೂರೈವತ್ತು ಕಿಲೋಮೀಟರ್ ದೂರ; ಮಧ್ಯಾಹ್ನ ಎರಡು ಗಂಟೆ ಹೊಡೆಯುವುದರೊಳಗೆ ತಲುಪಬೇಕು. ತಮ್ಮ ಪ್ರಮಾಣಪತ್ರವನ್ನು ನಂಬಿ, ಇಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ.

ಬಿಸಿಲು ಸುಡುತ್ತಿತ್ತು. ಎ.ಸಿ. ಪೂರ್ತಿ ಏರಿಸಿದೆ. ಸ್ವಲ್ಪ ದೂರ ಹೋದ ಮೇಲೆ ಅಮ್ಮ ಕಿಟಕಿಯತ್ತ ಮುಖ ಮಾಡಿಕೊಂಡೇ, ಆರು ವರ್ಷದಲ್ಲಿ ಮೊದಲ ಸಲ, "ನೀರು ಬೇಕಾ?" ಎಂದಳು. ಎ.ಸಿ.ಯ ಭೋರ್ಗರೆತದಲ್ಲಿ ದೊಡ್ಡಮ್ಮನಿಗೆ ಅದು "ನೀನು ಬೇಕಾ?" ಎಂದು ಕೇಳಿಸಿತು.

"ನಾನು ಬೇಡ ಅಂದ್ರೆ ಇಲ್ಲೇ ಇಳಿಸಪ್ಪ, ಬಸ್ಸಿಗೆ ಹೋಗ್ತೀನಿ" ಎಂದು ಅವಳು ನನ್ನ ಹೆಗಲು ತಟ್ಟಿದಳು. ಅಮ್ಮ ಬಾಟಲಿಯನ್ನು ಚೀಲಕ್ಕೆ ತುರುಕಿ ಮುಖ ಊದಿಸಿಕೊಂಡಳು.

ಇನ್ನೂ ನಲವತ್ತಾರು ಕಿಲೋಮೀಟರ್ ಇತ್ತು. ಕಾರಿನ ಪರದೆ ನೋಡಿದರೆ ಇನ್ನು ಮೂವತ್ತೊಂಬತ್ತೇ ಓಡುತ್ತೇನೆ ಎನ್ನುತ್ತಿದೆ! ದಾರಿಯ ಒಂದೇ ಚಾರ್ಜಿಂಗ್ ಕೇಂದ್ರದಲ್ಲಿ ನಾಲ್ಕು ಕಾರುಗಳ ಸಾಲು. ಎ.ಸಿ. ಆರಿಸಿದೆ, ಸಂಖ್ಯೆ ಐವತ್ತೊಂದಕ್ಕೆ ಏರಿತು. ಕಿಟಕಿ ಬೆರಳಗಲ ಇಳಿಸಿ ನಿಧಾನಕ್ಕೆ ಬಿಟ್ಟೆ. ಒಳಗೆ ಎಷ್ಟು ನಿಶ್ಶಬ್ದವೆಂದರೆ ಇಬ್ಬರ ಉಸಿರೂ ಕೇಳಿಸುತ್ತಿತ್ತು.

"ನೀರು ಅಂದೆ ಕಣೇ, ನೀರು" ಎಂದಳು ಅಮ್ಮ.

ದೊಡ್ಡಮ್ಮ ಕೈ ಚಾಚಿದಳು. "ಗಟ್ಟಿಯಾಗಿ ಹೇಳಬಾರದಿತ್ತಾ? ಕೊಡು ಇಲ್ಲಿ."

ಆಮೇಲೆ ಹೊಲಿಗೆ ಯಂತ್ರ ಹೊರಬಂತು. ಯಾರು ಕೇಳಿದ್ದು, ಯಾರು ಕೊಡದಿದ್ದದ್ದು, ಯಾರು ಯಾರ ಹತ್ತಿರ ಏನಂದಿದ್ದು, ಎಲ್ಲವೂ. ನಾನು ಕಿವಿ ಇಲ್ಲದವನಂತೆ ಓಡಿಸಿದೆ. ಇಬ್ಬರೂ ಅತ್ತರು; ಬೆವರಿನಲ್ಲಿ ಯಾವುದು ಕಣ್ಣೀರೋ ಗೊತ್ತಾಗಲಿಲ್ಲ. ಅಮ್ಮನಿಗೆ ತಲೆ ಸುತ್ತಿದಾಗ ದೊಡ್ಡಮ್ಮ ಸೀಟಿನ ಚೀಲದಿಂದ ದಪ್ಪ ಕಾಗದವೊಂದನ್ನು ಎಳೆದು ಗಾಳಿ ಬೀಸಿದಳು. ಅದು ತಮ್ಮ ಪ್ರಮಾಣಪತ್ರ. ಅಂತೂ ಒಂದು ಉಪಯೋಗಕ್ಕೆ ಬಂತು.

ಎರಡಕ್ಕೆ ಐದು ನಿಮಿಷವಿದ್ದಾಗ ತಲುಪಿದೆವು. ಬೆವರಿನಲ್ಲಿ ತೊಯ್ದು, ಕೈ ಹಿಡಿದುಕೊಂಡು ಒಳಬಂದ ಅಕ್ಕಂದಿರನ್ನು ನೋಡಿ ಮಾವ, "ನಡ್ಕೊಂಡು ಬಂದ್ರಾ?" ಎಂದು ಕೇಳಿ ಸಹಿ ಹಾಕಿದ.

ಇದನ್ನು ತಮ್ಮ ಕಚೇರಿಯ ಸಾಧನೆಯೆಂದು ವಾರ್ಷಿಕ ವರದಿಗೆ ಸೇರಿಸಿಕೊಳ್ಳಬೇಡಿ. ನಡುಮಧ್ಯಾಹ್ನ, ಮೂವರನ್ನು ಕೂರಿಸಿ, ಎ.ಸಿ. ಪೂರ್ತಿ ಹಾಕಿ ಮತ್ತೆ ಪರೀಕ್ಷಿಸಿ. ಹಿಂದಿನ ಸೀಟಿನಲ್ಲಿ ಎಷ್ಟು ಸದ್ದು, ನಿಜಕ್ಕೂ ಎಷ್ಟು ಕಿಲೋಮೀಟರ್ ಎಂದು ಪ್ರಮಾಣಪತ್ರದಲ್ಲೇ ನಮೂದಿಸಿ. ಶುಕ್ರವಾರ ಮಾವನನ್ನು ಮನೆಗೆ ಕರೆತರಬೇಕು. ಬಿಸಿಲು ತಾಗಬಾರದೆಂದು ವೈದ್ಯರು ಹೇಳಿದ್ದಾರೆ, ಅಕ್ಕಂದಿರಿಬ್ಬರೂ ಬಂದೇ ಬರುತ್ತೇವೆ ಎಂದಿದ್ದಾರೆ, ಅವರಿಗೆ ಇನ್ನೂ ಐದೂವರೆ ವರ್ಷದ ಮಾತು ಬಾಕಿಯಿದೆ. ಎ.ಸಿ. ಹಾಕಲೋ ಬೇಡವೋ, ಗುರುವಾರದೊಳಗೆ ತಿಳಿಸಿ.

ಇಂತಿ,
ತಮ್ಮ ಅಂಕಿಯನ್ನು ನಂಬಿ ಒದ್ದೆಯಾದ
ಬಾಡಿಗೆ ಕಾರಿನವನು